ಕಾಕುವಿನ ಲಿಚಿ ಗಿಡ

ಪುಣೆಯ ಕಾತ್ರಜದಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ಓಣಿಯೆಲ್ಲ ಮರಾಠಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ತೊಂಬತ್ತರ ದಶಕದಲ್ಲಿ ಅವರು ಅಂಗಳದಲ್ಲೊಂದು ಲಿಚಿ ನೆಟ್ಟಿದ್ದರು. ಪುಣೆಯ ಹವೆಗೆ ಅದು ಹಣ್ಣು ಬಿಡುವುದು ಕಷ್ಟವೆಂದು ನರ್ಸರಿಯವನೇ ಹೇಳಿದ್ದನಂತೆ. ಆದರೂ ಕಾಕು ಅಕ್ಕಿ ತೊಳೆದ ನೀರನ್ನು ದಿನವೂ ಅದರ ಬುಡಕ್ಕೇ ಸುರಿಯುತ್ತಿದ್ದರು. ಹತ್ತು ವರ್ಷವಾದರೂ ಒಂದು ಹೂವಿಲ್ಲ. ಯಾರಾದರೂ ಹಣ್ಣಿನ ಮಾತೆತ್ತಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದೇ ಉತ್ತರ: "ನೆರಳ ಅದಲ್ರಿ. ಬರ್ರಿ, ಕೂಡ್ರಿ."

ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ನನಗೂ ಆಗಿರಲಿಲ್ಲ.

ಫಲ ಬಿಡದ ಗಿಡವನ್ನು ಅಮಾವಾಸ್ಯೆಯ ದಿನ ಕಸಬರಿಗೆಯಿಂದ ಹೊಡೆದರೆ ಕಾಯಿ ಕಟ್ಟುತ್ತದೆ ಎಂಬುದು ನಮ್ಮತ್ತೆಯ ನಂಬಿಕೆ. ಅಂಥದೊಂದು ದಿನ ನನ್ನ ಕೈಗೆ ಕಸಬರಿಗೆ ಕೊಟ್ಟು ಕಾಕುವಿನ ಅಂಗಳಕ್ಕೆ ಕರೆದೊಯ್ದರು.

"ಬಂಜಿ ಗಿಡ ಅದು. ನಾಕ ಏಟು ಹಾಕು, ನಾಚಿಕಿ ಬರ್ತದ," ಎಂದರು ಅತ್ತೆ, ನನ್ನನ್ನೇ ನೋಡುತ್ತ.

ನಾನು ಕೈಯೆತ್ತುವ ಮೊದಲೇ ಕಾಕು ಕಸಬರಿಗೆ ಕಿತ್ತುಕೊಂಡರು. ಅಂಗಳದಲ್ಲಿ ಉದುರಿದ್ದ ಎಲೆಯನ್ನೆಲ್ಲ ನಿಧಾನವಾಗಿ ಗುಡಿಸಿ ಗಿಡದ ಬುಡಕ್ಕೆ ಒಟ್ಟಿದರು. ಆಮೇಲೆ ಕಸಬರಿಗೆಯನ್ನು ಅತ್ತೆಯ ಕೈಗೇ ಕೊಟ್ಟರು.

"ಕಸಬರಿಗಿ ಇರೂದು ಇದಕ್ಕರಿ, ಅವ್ವಾರ. ನನ್ನ ಅಂಗಳದಾಗ ಆ ಮಾತು ಯಾರಿಗೂ ಅನಬ್ಯಾಡ್ರಿ."

ಮತ್ತೆ ನನ್ನ ಕಡೆ ತಿರುಗಿದರು. "ನೆರಳ ಅದಲ್ಲಾ. ಬಾರವ್ವಾ, ಕೂಡು."

ಅತ್ತೆ ಗೇಟಿನ ಬಳಿ ನಿಂತು ನನ್ನನ್ನು ಎರಡು ಸಲ ಕರೆದರು. ನಾನು ಕೂತೆ.