ಹುಣಸೆಹಣ್ಣಿನ ಪಕ್ಕ ಇಟ್ಟ ಫೋನ್

ಫೋನನ್ನು ಜಗಲಿಯ ಮೇಲೆ ಮರೆತು ಬಿಟ್ಟಿದ್ದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಮರೆತಿರಲಿಲ್ಲ.

ಆಗ ನಾನು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಬೆಳಿಗ್ಗೆ ಜರ್ಮನ್ ಡಿಪ್ಲೊಮಾ, ಆಮೇಲೆ ಭಾಷಾವಿಜ್ಞಾನದ ತರಗತಿ. ಜರ್ಮನ್‌ನಲ್ಲಿ ರೈಲು ಟಿಕೆಟ್ ಕೇಳುವುದಕ್ಕೆ ಚೆನ್ನಾಗಿ ಬರುತ್ತಿತ್ತು. ಕೊಡಿಗೇನಹಳ್ಳಿ ಪಕ್ಕದ ನಮ್ಮೂರಿಗೆ ಬಸ್ಸು ಬರುವುದೇ ಕಷ್ಟ. ಪ್ರಬಂಧಕ್ಕೆ ಆರಿಸಿಕೊಂಡಿದ್ದು ನಮ್ಮ ಗಡಿಯ ಮಾತನ್ನೇ. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಮಾತು ಅದು. ಮಾರ್ಗದರ್ಶಕರಾಗಿದ್ದ ಮೇಡಂ ನನ್ನ ರೆಕಾರ್ಡಿಂಗನ್ನು ಎರಡು ಸಲ ವಾಪಸ್ ಕೊಟ್ಟಿದ್ದರು. "ಇದು ಮಾತಲ್ಲಮ್ಮ, ಭಾಷಣ. ಸೋಮವಾರದೊಳಗೆ ಜನ ನಿಜವಾಗಿ ಆಡುವ ಮಾತು ತಾ. ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ." ಮುಂದಿನ ವರ್ಷ ನೋಡುವುದಕ್ಕೆ ಅಪ್ಪ ಬಿಡಬೇಕಲ್ಲ. ಆಗಲೇ ಮನೆಯಲ್ಲಿ ಗಂಡು ಹುಡುಕುವ ಮಾತು ಎದ್ದಿತ್ತು.

ಶನಿವಾರ ಅಮ್ಮ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ರಾಶಿಯ ಪಕ್ಕ ಫೋನಿಟ್ಟು, ಏನಾದರೂ ಮಾತಾಡು ಎಂದೆ. ಬೆಕ್ಕನ್ನು ಎರಡು ಭಾಷೆಯಲ್ಲಿ ಬೈಯುವ ನಮ್ಮಮ್ಮ ಸೆರಗು ಸರಿಮಾಡಿಕೊಂಡು, "ನಮ್ಮ ಊರಿನಲ್ಲಿ ಮಳೆ ಬೆಳೆ ಚೆನ್ನಾಗಿ ಆಗುತ್ತದೆ," ಎಂದು ಶುರುಮಾಡಿದಳು.

"ಅಯ್ಯೋ, ಯಾವತ್ತಾರ ಹಿಂಗ್ ಮಾತಾಡಿದ್ದೀಯೇನಮ್ಮ?"

"ಓದಿದೋರು ಕೇಳ್ತಾರೆ ಅಂದ್ಯಲ್ಲ, ಮತ್ತೆ ಹೆಂಗ್ ಮಾತಾಡ್ಲಿ?"

ರೇಗಿಹೋಗಿ ಫೋನನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದೆ. ಅಷ್ಟರಲ್ಲಿ ಎದುರುಮನೆಯ ದೊಡ್ಡಮ್ಮ ಬಂದಳು. ಬಂಧುವಲ್ಲ, ಆದರೆ ನನ್ನನ್ನು ಎತ್ತಿ ಆಡಿಸಿದವಳು. ಅವಳೂ ಹಣ್ಣಿಗೆ ಕೈಹಾಕಿದಳು, ಮಾತು ಶುರುವಾಯಿತು. ಆಹಾ, ಏನು ಮಾತು! ಕನ್ನಡ, ತೆಲುಗು, ಬೈಗುಳ, ನಗು, ಮಧ್ಯೆ ಕುಟ್ಟುವ ಸದ್ದು. ಬಾಗಿಲ ಹಿಂದೆ ನಿಂತು ಉಸಿರು ಬಿಗಿಹಿಡಿದು ಕೇಳಿದೆ. ಫೋನ್ ರೆಕಾರ್ಡ್ ಮಾಡುತ್ತಿದೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮನ ದನಿ ಇಳಿಯಿತು.

"ಯಾರ್ಗೂ ಹೇಳ್ಬ್ಯಾಡ ಕಣಮ್ಮ. ನನ್ ಮಗ್ಳು ಸಿರಾದಲ್ಲವ್ಳೆ."

ಪಾವಗಡದ ಕಡೆಗೆ ಮದುವೆಯಾಗಿದ್ದ ಮಗಳು ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟಿದ್ದಳು. ಅವನು ಊರೂರು ಹುಡುಕುತ್ತಿದ್ದ. ಶಿರಾದಲ್ಲಿ ಅವಳಿರುವ ಬೀದಿ, ಮನೆ, ಕೆಲಸಕ್ಕೆ ಹೋಗುವ ಜಾಗ ಎಲ್ಲವನ್ನೂ ದೊಡ್ಡಮ್ಮ ನನ್ನ ಫೋನಿನ ಮುಂದೆ ಹೇಳಿದಳು. ಸಂಜೆಯೇ ನಾನು ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ.

ಭಾನುವಾರ ಬೆಳಿಗ್ಗೆ, ಬುದ್ಧಿ ಬೇಡವಾ ನನಗೆ, ಅಮ್ಮನಿಗೆ ಕೇಳಿಸಲು ಅದನ್ನು ಫೋನಿನಲ್ಲಿ ಜೋರಾಗಿ ಹಾಕಿದೆ. ತನ್ನದೇ ದನಿ ಕೇಳಿ ದೊಡ್ಡಮ್ಮ ಬೀದಿ ದಾಟಿ ಓಡಿಬಂದಳು. ಮುಖ ಬಿಳಿಚಿಕೊಂಡಿತ್ತು.

"ಇದು ಯಾರ್ ಯಾರ್ ಕೇಳ್ತಾರೆ?"

ನಮ್ಮ ವಿಭಾಗದ ಧ್ವನಿಸಂಗ್ರಹಕ್ಕೆ ಹೋಗುತ್ತದೆ, ವಿದ್ಯಾರ್ಥಿಗಳು ಕೇಳುತ್ತಾರೆ, ಹೆಸರು ಇರುವುದಿಲ್ಲ ಎಂದು ತೊದಲಿದೆ.

"ಹೆಸ್ರು ಕಟ್ಕೊಂಡು ಏನಾಗ್ಬೇಕು? ಪಾವಗಡದ ಹುಡುಗ್ರು ಬರಲ್ವಾ ಅಲ್ಲಿಗೆ? ಒಬ್ಬ ಕೇಳುದ್ರೆ ಸಾಕು, ನನ್ ಮಗ್ಳುನ್ನ ಉಳುಸ್ತಾನಾ ಅವ್ಳ್ ಗಂಡ? ಅಳ್ಸು. ನನ್ ಕಣ್ಮುಂದೆ ಅಳ್ಸು."

ಫೋನಿನಿಂದ ಅಳಿಸಿದೆ. ಅವಳು ಬಗ್ಗಿ ನೋಡಿದಳು, ನನ್ನ ತಲೆ ಸವರಿ ಹೋದಳು. ಲ್ಯಾಪ್‌ಟಾಪ್ ಒಳಗೆ ಮಂಚದ ಮೇಲಿತ್ತು, ಅದರಲ್ಲಿದ್ದ ಪ್ರತಿ ಹಾಗೇ ಇತ್ತು. ಆ ಭಾಗ ಕತ್ತರಿಸಿದರಾಯಿತು ಎಂದು ಕೂತೆ. ಬೀದಿ ಕತ್ತರಿಸಿದರೆ ಕೆಲಸದ ಜಾಗ ಬರುತ್ತಿತ್ತು; ಅದನ್ನು ಕತ್ತರಿಸಿದರೆ ಅಳಿಯನ ಸುದ್ದಿ; ಎಲ್ಲ ಕಡೆಯೂ ಅವಳ ದನಿ. ಆದರೂ ಅಳಿಸಲು ಕೈ ಬರಲಿಲ್ಲ. ನನಗೆ ನನ್ನ ಡಿಗ್ರಿ ಬೇಕಿತ್ತು, ಅಷ್ಟೇ.

ಮೂರು ಗಂಟೆಯ ಮಧುಗಿರಿ ಬಸ್ಸಿಗೆ ಬ್ಯಾಗು ಕಟ್ಟುತ್ತಿದ್ದಾಗ ದೊಡ್ಡಮ್ಮ ಮತ್ತೆ ಬಂದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು.

"ನನ್ನಿಂದ ನಿನ್ ಓದು ಹಾಳಾಗ್ಬಾರ್ದು ಕಣಮ್ಮ. ಫೋನ್ ಇಡು. ಎಷ್ಟೊತ್ತು ಬೇಕೋ ಅಷ್ಟೊತ್ತು ಮಾತಾಡ್ತೀನಿ."

ಇಟ್ಟೆ. ಮಿಡಿಗೇಶಿಯ ತವರು, ಕೋಟೆಬೆಟ್ಟದ ಕೆಳಗೆ ಕುರಿ ಮೇಯಿಸಿದ್ದು, ಎಲ್ಲವನ್ನೂ ಅಮ್ಮನ ಹಾಗೆಯೇ ಬಿಗಿಯಾಗಿ, ಒಂದೊಂದೇ ಪದ ನೋಡಿಕೊಂಡು ಹೇಳುತ್ತಾ ಹೋದಳು. ನನಗೋಸ್ಕರ ಬೆವರುತ್ತಿದ್ದಳು. ನನಗೆ ಕೂತಿರಲು ಆಗಲಿಲ್ಲ. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದೆ.

"ದೊಡ್ಡಮ್ಮ, ಇದ್ರಲ್ಲಿ ಇನ್ನೊಂದೈತೆ. ನೆನ್ನೇದು."

ಅವಳು ಒಮ್ಮೆ ಫೋನನ್ನು, ಒಮ್ಮೆ ಲ್ಯಾಪ್‌ಟಾಪನ್ನು ನೋಡಿದಳು.

"ಹಂಗಾದ್ರೆ ಬೆಳಿಗ್ಗೆ ಅಳ್ಸಿದ್ದು?"

ಪರದೆಯನ್ನು ಅವಳ ಕಡೆ ತಿರುಗಿಸಿ, ನೋಡು, ಈಗ ನಿಜವಾಗಿ ಅಳಿಸುತ್ತೇನೆ ಎಂದೆ.

"ನಂಗೇನ್ ತೋರುಸ್ತೀಯ," ಎಂದಳು. "ಬೆಳಿಗ್ಗೇನೂ ನೋಡಿದ್ನಲ್ಲ."

ನಾನು ಅಳಿಸುವಾಗ ಅವಳು ಬೀದಿಯ ಕಡೆ ನೋಡುತ್ತಿದ್ದಳು.

ಆ ವರ್ಷ ನನ್ನ ಪ್ರಬಂಧ ಹೋಗಲಿಲ್ಲ. ಅಪ್ಪನ ಜೊತೆ ಜಗಳವಾಡಿ ಇನ್ನೊಂದು ವರ್ಷ ಓದಿದೆ, ಬೇರೆ ಊರಿನ ಬೇರೆ ಜನರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ ಪಾಸಾದೆ. ಮಗಳು ಶಿರಾದಲ್ಲೇ ನೆಮ್ಮದಿಯಾಗಿದ್ದಾಳೆ ಎಂದು ಅಮ್ಮ ಹೇಳಿದಳು. ದೊಡ್ಡಮ್ಮ ಹೇಳಲಿಲ್ಲ.

ಈ ಸಲ ಹುಣಸೆ ಕಾಲಕ್ಕೆ ಊರಿಗೆ ಹೋದಾಗ ಇಬ್ಬರೂ ಜಗಲಿಯಲ್ಲಿ ಹಣ್ಣು ಕುಟ್ಟುತ್ತಾ ಜೋರಾಗಿ ನಗುತ್ತಿದ್ದರು. ಫೋನನ್ನು ಒಳಗಿಟ್ಟು ಬಂದು ಕೂತೆ. ಒಳಗಿಟ್ಟೆ ಎಂದೂ ಹೇಳಿದೆ. ದೊಡ್ಡಮ್ಮ ನಗು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು.

"ಈ ವರ್ಷ ಮಳೆ ಬೆಳೆ ಚೆನ್ನಾಗಿ ಆಗಿದೆ," ಎಂದಳು.