ಓತಿಕ್ಯಾತದ ಹೊಟ್ಟೆಯ ಹುಳ, ನಮ್ಮ ಮನೆಯ ಮಾತ್ರೆ

ಮದುವೆಯಾಗಿ ಬಾಳೂರಿನ ಕಾಫಿ ಎಸ್ಟೇಟಿಗೆ ಬಂದ ಮೊದಲ ವರ್ಷವೇ ಗೊತ್ತಾಯಿತು, ಈ ಮನೆಯಲ್ಲಿ ಚಗಳಿ ಚಟ್ನಿ ತಿನ್ನುವಂತಿಲ್ಲ. ಕಳಸದ ಕಡೆಯ ನನ್ನ ತವರಿನ ಸಣ್ಣ ತೋಟದಲ್ಲಿ ಕೊಯ್ಲು ಬಂತೆಂದರೆ ಮರದ ಚಗಳಿ ಗೂಡು ಇಳಿಸಿ, ಆ ಕೆಂಪು ಇರುವೆಗಳನ್ನು ಹುರಿದು, ಕಾಯಿ, ಮೆಣಸು, ಬೆಳ್ಳುಳ್ಳಿ ಹಾಕಿ ಅರೆಯುತ್ತಿದ್ದರು. ಆ ಹುಳಿ ನೆನೆದರೆ ಈಗಲೂ ಬಾಯಲ್ಲಿ ನೀರು. ಅತ್ತೆಯ ಹತ್ತಿರ ಕೇಳಿದೆ.

"ಅದೆಲ್ಲ ಲೈನ್ ಮನೆ ಕೂಲಿಯವ್ರು ತಿನ್ನೋದು ಕಣೆ. ನಮ್ಮನೇಲಿ ಇರುವೆ ಗಿರುವೆ ತಿನ್ನೋ ಪದ್ಧತಿ ಇಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ನನ್ನ ತವರಿನವರು ಯಾರು? ಆದರೂ ಬಾಯಿ ಮುಚ್ಚಿಕೊಂಡೆ. ಸೌದೆ ನೋಡುವ ನೆಪದಲ್ಲಿ ನಮ್ಮ ತೋಟದ ಮೇಸ್ತ್ರಿಯ ಹೆಂಡತಿಯ ಮನೆಗೆ ಹೋಗಿ, ಕದ್ದು ತಿಂದು, ಬಾಯಿ ತೊಳೆದು ಬರುವುದನ್ನು ಕಲಿತೆ. ಅವಳ ಮನೆಯ ಒರಳಿಗೆ ಬಿಡುವೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೇ ಇಷ್ಟೊಂದು ತಿನ್ನುತ್ತಾರಾ ಎಂದು ಸೋಜಿಗಪಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಕೊಯ್ಲಿನಲ್ಲಿ, ಪ್ರಾಣಿಶಾಸ್ತ್ರ ಓದುತ್ತಿದ್ದ ನನ್ನ ನಾದಿನಿ ರಜೆಗೆ ಬಂದಳು. ನನ್ನ ಗಂಡ ಆಗ ಕಾಫಿ ಮಾರಾಟದ ಕೆಲಸಕ್ಕೆ ಊರು ಬಿಟ್ಟಿದ್ದರು. ಮೇಲಿನ ಮಳೆಕಾಡಿನ ಓತಿಕ್ಯಾತಗಳ ಹೊಟ್ಟೆಯಲ್ಲಿರುವ ಹುಳಗಳ ಮೇಲೆ ಅವಳ ಪ್ರಾಜೆಕ್ಟು. ಜೀಪಿನ ಚಕ್ರಕ್ಕೆ ಸಿಕ್ಕಿ ಸತ್ತವನ್ನು ಕಾಡಿನ ರಸ್ತೆಯಿಂದ ಆಯ್ದು ತಂದು ಜಗಲಿಯಲ್ಲಿ ಕೊಯ್ಯುತ್ತಿದ್ದಳು. ಒಂದರ ಹೊಟ್ಟೆಯಿಂದ ಶಾವಿಗೆಯಂಥ ಬಿಳಿ ಹುಳಗಳು ಗಂಟುಗಂಟಾಗಿ ಬಂದವು. ಅವಳಿಗೆ ಹಬ್ಬ. ಊಟಕ್ಕೆ ಕೂತಾಗಲೂ ಅದೇ ಮಾತು.

"ಇವು ಚಗಳಿ ತಿಂತಾವಲ್ಲ, ಇರುವೆ ಒಳಗೆ ಮರಿಹುಳ ಇದ್ದು ಹಂಗೇ ಇವಕ್ಕೆ ದಾಟಿರ್ಬೇಕು" ಎಂದಳು.

ಮಾವನ ತುತ್ತು ಕೈಯಲ್ಲೇ ನಿಂತಿತು. ಅತ್ತೆ ಎದ್ದು ಮಜ್ಜಿಗೆ ತರಲು ಹೋದವರು ಬರಲೇ ಇಲ್ಲ. ನಾನಂತೂ ಈ ಕೊಯ್ಲಿನಲ್ಲಿ ಎಷ್ಟು ಸಲ ಚಟ್ನಿ ತಿಂದೆನೆಂದು ಎಡಗೈ ಬೆರಳು ಮಡಚಿ ಎಣಿಸತೊಡಗಿದೆ.

ಮರುದಿನ ಬಳೆ ತರುವ ನೆಪ ಹೇಳಿ ಮೂಡಿಗೆರೆಗೆ ಹೋದೆ. ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಜಂತುಹುಳದ ಮಾತ್ರೆ ಕೇಳಿದೆ. ಅಂಗಡಿಯವನು ದನಿ ತಗ್ಗಿಸುವ ಪೈಕಿಯಲ್ಲ.

"ಎಂಥ ಅಮ್ಮ, ನಿಮ್ಮನೇಲಿ ಎಲ್ರಿಗೂ ಒಟ್ಟಿಗೇ ಹುಳವಾ? ಬೆಳಿಗ್ಗೆ ನಿಮ್ಮ ಮಾವ, ದೊಡ್ಡ ಧಣಿಗಳು ಬಂದು ನಾಯಿಗೆ ಅಂತ ತಗೊಂಡ್ರು. ಆಮೇಲೆ ದೊಡ್ಡಮ್ಮ ಡ್ರೈವರ್ ಹತ್ರ ಕೆಲಸದವ್ರಿಗೆ ಅಂತ ತರಿಸ್ಕೊಂಡ್ರು. ನಿಮ್ದು ಯಾರಿಗೆ?"

ಅಯ್ಯೋ ದೇವರೇ! ಕುಂಬಳಕಾಯಿ ಕಳ್ಳ ಎಂದರೆ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡಿದ್ದರು. ಮೇಸ್ತ್ರಿಯ ಹೆಂಡತಿ ಯಾರ್ಯಾರಿಗೆ ಅರೆಯುತ್ತಿದ್ದಳು ಎಂಬುದೂ ತಿಳಿಯಿತು. ನಗು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ತವರನ್ನು ಆಡಿಕೊಂಡ ಬಾಯಿಗಳೇ ಇವು!

ರಾತ್ರಿ ಊಟದಲ್ಲಿ ನಾನೇ ನಾದಿನಿಯನ್ನು ಕೇಳಿದೆ, ಆ ಹುಳ ಮನುಷ್ಯರಿಗೂ ಬರುತ್ತದಾ ಎಂದು.

"ಇಲ್ಲ ಅತ್ತಿಗೆ. ಅದಕ್ಕೆ ಓತಿಕ್ಯಾತದ ಹೊಟ್ಟೆನೇ ಆಗ್ಬೇಕು. ಅದೂ ಹುರಿದು ಅರೆದ ಮೇಲೆ ಎಂಥ ಹುಳ ಉಳಿಯುತ್ತೆ?"

"ಥೂ ಮಾರಾಯ್ತಿ, ಅದನ್ನ ನಿನ್ನೇನೇ ಹೇಳೋಕೆ ಏನಾಗಿತ್ತು ನಿಂಗೆ? ಸುಮ್ನೆ ಮಾತ್ರೆ ನುಂಗ್ಸಿದ್ಯಲ್ಲ!" ಎಂದು ಮಾವ ರೇಗಿದರು. ರೇಗಿದ ಮೇಲೆ ಏನು ಹೇಳಿದೆನೆಂದು ಹೊಳೆದು, ತಟ್ಟೆಯೊಳಗೆ ಮುಖ ಹುದುಗಿಸಿದರು. ಅತ್ತೆ ಗೋಡೆ ನೋಡುತ್ತಿದ್ದರು.

ಇಷ್ಟು ವರ್ಷದಲ್ಲಿ ಅಂಥ ಧೈರ್ಯ ಎಂದೂ ಬಂದಿರಲಿಲ್ಲ. "ಅತ್ತೆ, ನಾಳೆ ಚಗಳಿ ಚಟ್ನಿ ನಮ್ಮ ಅಡುಗೆಮನೆಯಲ್ಲೇ ಅರೀಲಾ?" ಎಂದೆ.

ಅತ್ತೆ ಎದ್ದು ಹೋಗಿ ಹೊರಬಾಗಿಲ ಕಡೆ ಒಮ್ಮೆ ಇಣುಕಿ ಬಂದರು.

"ಅರಿ. ಬಾಗ್ಲು ಹಾಕ್ಕೊಂಡು ಅರಿ. ಯಾರಾದ್ರೂ ಕೇಳಿದ್ರೆ ಸೊಸೆ ತವರಿನ ಕಡೆ ಅಭ್ಯಾಸ ಅಂತೀನಿ."

ಮರುದಿನ ಅರೆದೆ. ಮಾವ, ಅತ್ತೆ, ನಾದಿನಿ ಮೂವರೂ ಎರಡೆರಡು ಸಲ ಹಾಕಿಸಿಕೊಂಡರು. ಅಷ್ಟರಲ್ಲಿ ಪಕ್ಕದ ಎಸ್ಟೇಟಿನ ಯಜಮಾನಿ ಬಂದು, ಇದೆಂಥ ಪರಿಮಳ ಎಂದು ಕೇಳಿದರು. ಅತ್ತೆ ನನ್ನ ಕಡೆ ಕೈ ತೋರಿಸಿದರು. ಅವರ ಬೆರಳಿಗೆ ಇನ್ನೂ ಚಟ್ನಿ ಮೆತ್ತಿತ್ತು.