ದೊಡ್ಡ ಫ್ಯೂಸು

ಗುಡೇಕೋಟೆ ಗುಡ್ಡದ ದಾರಿಯಲ್ಲಿ ಜೀಪಿನ ಬಾನೆಟ್ಟಿನಿಂದ ಹೊಗೆ ಎದ್ದಾಗ ನನಗೂ ಹೆಂಡತಿಗೂ ಜೀವ ಬಾಯಿಗೆ ಬಂದಿತ್ತು. ಹೊಸ ಲೈಟು, ಗಾಳಿ ಪಂಪು, ಮಜ್ಜಿಗೆ ಇಡುವ ಪುಟ್ಟ ಫ್ರಿಜ್ಜು ಎಲ್ಲವನ್ನೂ ಒಂದೇ ವಯರಿಗೆ ಹಚ್ಚಿದ್ದೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ದೊಡ್ಡದೊಂದನ್ನು ಸಿಕ್ಕಿಸಿದ್ದೆ.

ದಾರಿಯಲ್ಲಿ ಬಂದ ಟ್ರ್ಯಾಕ್ಟರಿಗೆ ಜೀಪು ಕಟ್ಟಿಸಿಕೊಂಡು ಕೂಡ್ಲಿಗಿ ಮುಟ್ಟಿದೆವು. ವೈರಿಂಗ್ ಅಂಗಡಿಯ ಕೊಟ್ರಪ್ಪ ಬಗ್ಗಿ ನೋಡಿ ನಕ್ಕ.

“ಹೊಲದ ಟ್ರಾನ್ಸ್‌ಫಾರ್ಮರ್ ಫ್ಯೂಸಿಗೆ ದಪ್ಪ ತಂತಿ ಕಟ್ಟಿದಂಗ ಮಾಡೀರಲ್ರಿ! ಫ್ಯೂಸ್ ಉಳೀತು, ವಯರ್ ಸುಟ್ಟು ಹೋತು. ಬ್ಯಾಟ್ರಿ ಚಲೋ ಐತಿ, ಹೆದರಬ್ಯಾಡ್ರಿ.”

ಅಬ್ಬಾ, ಉಸಿರು ಬಂತು. ಕೊಟ್ರಪ್ಪ ವಯರು ಬದಲಿಸಿ, ಸಣ್ಣ ಫ್ಯೂಸು ಹಾಕಿ ಹೇಳಿದ: “ಎಲ್ಲಾ ಒಮ್ಮಿಗೇ ಹಚ್ಚಬ್ಯಾಡ್ರಿ. ನಮ್ಮ ಪಂಪ್‌ಸೆಟ್ಟಿನಂಗ ಪಾಳಿ ಮಾಡ್ರಿ.”

ಹೊರಡುವಾಗ ಹುಮ್ಮಸ್ಸಿನಲ್ಲಿ ಲೈಟಿನ ಸ್ವಿಚ್ಚಿಗೆ ಕೈ ಹಾಕಿದೆ. ಹೆಂಡತಿ ಕೈ ಹಿಡಿದಳು.

“ತಡೀರಿ, ಈಗ ಮಜ್ಜಿಗಿ ಪಾಳಿ.”